ಮಣ್ಣಿನ ಮೈ, ಸುಣ್ಣದ ತೊಗಲು

ಗ್ರಾನಡಾದಿಂದ ಬಂದು ನಾಲ್ಕು ತಿಂಗಳಾಯಿತು. ಗೋಡೆ ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವ ಅಭ್ಯಾಸ ಮಾತ್ರ ಬಿಟ್ಟುಹೋಗಿಲ್ಲ. ಬ್ಯಾಂಕಿನಲ್ಲಿ ಸರದಿಗೆ ನಿಂತಾಗ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ ಕೈ ತಾನಾಗಿ ಗೋಡೆಗೆ ಹೋಗುತ್ತದೆ. ಗಟ್ಟಿ ಗೋಡೆ ಸದ್ದನ್ನು ನುಂಗಿಕೊಳ್ಳುತ್ತದೆ. ಒಳಗಿನಿಂದ ಗಾರೆ ಬಿಟ್ಟಿದ್ದರೆ ಒಣಗಿದ ಸೋರೆಬುರುಡೆ ತಟ್ಟಿದ ಹಾಗೆ ಪೊಳ್ಳು ದನಿ ಬರುತ್ತದೆ. ಊರಿನ ನಮ್ಮ ಮನೆಯ ಪಡುವಣ ಗೋಡೆಯೊಂದನ್ನು ನಾನು ಇನ್ನೂ ತಟ್ಟಿಲ್ಲ. ಅದರ ದನಿ ತಟ್ಟದೆಯೂ ಗೊತ್ತು.

ಸಾಗರದ ಕಡೆಯ ಹಳ್ಳಿ ನಮ್ಮದು. ಮನೆ ಅಜ್ಜನ ಕಾಲದ್ದು, ಗೋಡೆಗಳು ಕೆಮ್ಮಣ್ಣಿನವು. ಮಣ್ಣನ್ನು ರಾತ್ರಿಯಿಡೀ ನೆನೆಹಾಕಿ, ಕಾಲಿನಿಂದ ತುಳಿದು, ಹದ ಬಂದ ಮೇಲೆ ಉಂಡೆ ಕಟ್ಟಿ ಒಂದರ ಮೇಲೊಂದು ಬಡಿದು, ಒಂದು ವರಸೆ ಒಣಗಿದ ಮೇಲೆ ಮತ್ತೊಂದು ವರಸೆ ಏರಿಸಿದ್ದು. ಮಳೆಗಾಲಕ್ಕೆ ಮುಂಚೆ ಪಡುವಣ ಮೈಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ವರ್ಷ ವರ್ಷದ ಕೆಲಸ. ಆರು ವರ್ಷದ ಹಿಂದೆ ಅಣ್ಣನೂ ನಾನೂ ಸೇರಿ ಆ ಗೋಡೆಗೆ ಸಿಮೆಂಟು ಬಳಿಸಿದೆವು. ತಟ್ಟಿ ಕಟ್ಟುವ ಆಳುಗಳು ಸಿಗುತ್ತಿರಲಿಲ್ಲ. ಮನೆ ಗಟ್ಟಿಯಾಗಲಿ ಎಂಬ ಆಸೆಯೂ ಇತ್ತು. ಮೂರನೆಯ ಮಳೆಗಾಲಕ್ಕೆ ಗೋಡೆ ಉಬ್ಬಿತು. ನಾಲ್ಕನೆಯದಕ್ಕೆ ಮೂಲೆ ಕುಸಿಯಿತು. ಸಿಮೆಂಟಿನ ಹೊಪ್ಪಳೆಯ ಹಿಂದೆ ಮಣ್ಣು ಅಂಬಲಿಯಾಗಿತ್ತು. ಮೊದಲಿನಿಂದ ನಮ್ಮ ಮನೆಯ ಗೋಡೆ ಕೆಲಸ ಮಾಡುತ್ತಿದ್ದ ಊರಿನ ಅಜ್ಜನೊಬ್ಬನನ್ನು ಕರೆಸಿ ತೋರಿಸಿದರೆ ಅವನು ಬೈಯಲಿಲ್ಲ. "ಗೋಡೆ ಬೆವರ್ತದೆ ತಂಗೀ, ಬೆವರು ಹೋಗಕ್ಕೆ ದಾರಿ ಬೇಡ್ವಾ?" ಎಂದಷ್ಟೇ ಕೇಳಿದ.

ಸ್ಪೇನಿಗೆ ಹೋದದ್ದು ಆ ಮಾತಿಗೆ ಉತ್ತರ ಹುಡುಕಿಕೊಂಡಲ್ಲ. ಅಣ್ಣನ ಮಗಳು ಗ್ರಾನಡಾದಲ್ಲಿ ಓದುತ್ತಿದ್ದಾಳೆ, ಅವಳನ್ನು ನೋಡಲು. ಮೇ ತಿಂಗಳು. ಊರಿನ ನೆತ್ತಿಯ ಮೇಲೆ ಸಿಯೆರಾ ನೆವಾಡದ ಹಿಮ ಇನ್ನೂ ಕರಗಿರಲಿಲ್ಲ, ಕೆಳಗೆ ಬಿಸಿಲು ಮಾತ್ರ ನಮ್ಮ ಫಾಲ್ಗುಣದ್ದು. ಅಲ್‌ಹಂಬ್ರಾದ ಅರಮನೆಯೊಳಗೆ ಬಿಡುವುದಕ್ಕೆ ಗೊತ್ತಾದ ಹೊತ್ತಿರುತ್ತದೆ. ನಮ್ಮದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಹೊರಗೋಡೆಯ ಬುಡದಲ್ಲೇ ನಡೆಯೋಣ ಎಂದು ಅವಳು ದಾರ್ರೋ ಹೊಳೆಯ ದಂಡೆಯಿಂದ ಮೇಲೇರುವ ಕಣಿವೆಯ ದಾರಿಗೆ ಕರೆದೊಯ್ದಳು. ಬಲಗಡೆ ಕೋಟೆ, ಎಡಗಡೆ ಹೆನೆರಾಲಿಫೆಯ ತೋಟ, ನಡುವೆ ಮೋರಿಯಲ್ಲಿ ಹರಿಯುವ ನೀರಿನ ಸದ್ದು.

ನಾನು ನಿಂತುಬಿಟ್ಟೆ. ಅದು ನಮ್ಮ ಮಣ್ಣಿನ ಬಣ್ಣ. ಅರಬ್ಬಿಯಲ್ಲಿ ಅಲ್ ಹಮ್ರಾ ಎಂದರೆ ಕೆಂಪಗಿನದು ಎಂದು ಓದಿದ್ದೆ, ಆದರೆ ಅರಮನೆ ಎಂದ ಮೇಲೆ ಕಲ್ಲಿನದೇ ಇರಬೇಕು ಎಂದುಕೊಂಡಿದ್ದೆ. 1238ರಲ್ಲಿ ನಸ್ರಿದ್ ದೊರೆ ಒಂದನೆಯ ಮುಹಮ್ಮದ್ ಇಲ್ಲಿ ನೆಲೆ ನಿಂತಾಗಿನಿಂದ ಎದ್ದ ಈ ಗೋಡೆ ಗೋಪುರಗಳ ಬಹುಪಾಲು ದಮ್ಮಸು ಹೊಡೆದ ಮಣ್ಣು. 45 ಮೀಟರ್ ಎತ್ತರದ ಕೊಮಾರೆಸ್ ಗೋಪುರದ ಮೈಯೂ ಅದೇ. ಮಣ್ಣೂ ಅದರೊಳಗಿನ ಉರುಟು ಕಲ್ಲುಗಳೂ ಕೋಟೆ ಕೂತಿರುವ ಗುಡ್ಡದವೇ. ಬುಡದಲ್ಲಿ ಗುಡ್ಡ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕೆಲವೆಡೆ ಹೇಳಲಾಗುವುದಿಲ್ಲ. ಮಣ್ಣಿನ ಗೋಡೆ ಎಂದರೆ ಕೈಲಾಗದವರದ್ದು ಎಂದು ನಂಬಿಕೊಂಡು ಬೆಳೆದವಳು ನಾನು. ಅಜ್ಜನ ಮನೆಗೆ ಸಿಮೆಂಟು ಬಳಿಸಿದ್ದರ ಹಿಂದೆ ಆ ನಂಬಿಕೆಯೂ ಇತ್ತು ಎಂಬುದು ಆ ಏರಿನಲ್ಲಿ ಹೊಳೆಯಿತು.

ಗೋಡೆಯ ತುಂಬ ಸಾಲುಸಾಲಾಗಿ ತೂತುಗಳಿದ್ದವು. ಗಾಳಿಗುಬ್ಬಿಯಂಥ ಕಪ್ಪು ಹಕ್ಕಿಗಳು ಬಾಣದ ಹಾಗೆ ಬಂದು ಅದರೊಳಗೆ ಮಾಯವಾಗುತ್ತಿದ್ದವು. ಕಾವಲುಗಾರರು ಬಾಣ ಬಿಡಲು ಇಟ್ಟ ಕಿಂಡಿಗಳಿರಬೇಕು ಎಂದೆ. "ಅಲ್ಲ ಅತ್ತೆ, ಹಲಗೆ ಹೊತ್ತ ಅಡ್ಡಗೋಲುಗಳ ಗುರುತು," ಎಂದಳು ಅಣ್ಣನ ಮಗಳು. ಎರಡು ಹಲಗೆಗಳನ್ನು ಎದುರುಬದುರು ನಿಲ್ಲಿಸಿ, ಅಡ್ಡಗೋಲಿನ ಮೇಲೆ ಕೂರಿಸಿ, ಹಗ್ಗದಿಂದ ಬಿಗಿದು ಪೆಟ್ಟಿಗೆ ಮಾಡುತ್ತಾರೆ. ಒಳಗೆ ಮಣ್ಣು ತುಂಬಿ ದಮ್ಮಸು ಹೊಡೆಯುತ್ತಾರೆ. ಪೆಟ್ಟಿಗೆ ತುಂಬಿದ ಮೇಲೆ ಹಲಗೆ ಬಿಚ್ಚಿ ಪಕ್ಕಕ್ಕೆ ಸರಿಸಿ ಮತ್ತೆ ತುಂಬುತ್ತಾರೆ. ಗೋಲು ಎಳೆದುಕೊಂಡ ಜಾಗದಲ್ಲಿ ತೂತು ಉಳಿಯುತ್ತದೆ.

ಇದನ್ನು ಆರು ನೂರು ವರ್ಷದ ಹಿಂದೆಯೇ ಬರೆದಿಟ್ಟವನು ಇಬ್ನ್ ಖಲ್ದೂನ್. ಸೆವಿಯ್ಯಾದ ಮೂಲದ ಮನೆತನ, ಹುಟ್ಟಿದ್ದು ಟ್ಯೂನಿಸ್‌ನಲ್ಲಿ. 1362ರ ಕೊನೆಗೆ ಗ್ರಾನಡಾಕ್ಕೆ ಬಂದು ಇದೇ ಅರಮನೆಯ ಆಸ್ಥಾನದಲ್ಲಿದ್ದ. ಮುಂದೆ 1377ರಲ್ಲಿ ಇತಿಹಾಸದ ಬಗ್ಗೆ ತನ್ನ 'ಮುಕದ್ದಿಮಾ' ಬರೆಯುವಾಗ ರಾಜ್ಯಗಳ ಏಳುಬೀಳಿನ ನಡುವೆ ಗೋಡೆ ಕಟ್ಟುವ ಕೆಲಸಕ್ಕೂ ಜಾಗ ಕೊಟ್ಟ: ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲದ ಹಲಗೆ, ಮಣ್ಣಿಗೆ ಸುಣ್ಣ ಬೆರೆಸಿ ತುಂಬುವುದು, ಎಲ್ಲ ಬೆರೆತು ಒಂದಾಗುವವರೆಗೆ ಬಡಿಯುವುದು. ಸುಣ್ಣವನ್ನು ಒಂದೆರಡು ವಾರ ನೀರಿನಲ್ಲಿ ನೆನೆಸಿಟ್ಟು ಅದರ ಬೆಂಕಿ ಇಳಿದ ಮೇಲೆಯೇ ಬಳಸಬೇಕು ಎಂಬುದನ್ನೂ ಮರೆಯಲಿಲ್ಲ. ಮೊಳದ ಲೆಕ್ಕ ಓದಿದಾಗ ಗೋಡೆಯ ತೂತಿನ ಸಾಲುಗಳ ನಡುವೆ ಮೊಳ ಹಾಕಿ ನೋಡುವ ಆಸೆಯಾಯಿತು. ಮುಟ್ಟಲಿಲ್ಲ. ಕಣ್ಣಳತೆಗೆ ಎರಡೇ ಮೊಳ.

ಅರಮನೆಯೊಳಗಿನ ಸುಣ್ಣ ಜಿಪ್ಸಮ್ಮಿನ ಕೆತ್ತನೆ, ನೀರಿನ ಕಾಲುವೆ, ಸಿಂಹಗಳ ಅಂಗಳ ಇವುಗಳ ಬಗ್ಗೆ ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಚೂಕಾ ಅಂಗಳದ ಸೈಪ್ರೆಸ್ ಗಿಡಗಳು. ಅಂಗಳದ ಒಂದು ಬದಿಯ ಕಮಾನು ಸಾಲು ಯಾವತ್ತೋ ಬಿದ್ದುಹೋಗಿದೆ. 1923ರಿಂದ 1936ರವರೆಗೆ ಈ ಕೋಟೆಯ ಉಸ್ತುವಾರಿ ಹೊತ್ತಿದ್ದ ವಾಸ್ತುಶಿಲ್ಪಿ ಲೆಯೊಪೊಲ್ದೊ ತೊರ್ರೆಸ್ ಬಲ್ಬಾಸ್ ಅಲ್ಲಿ ಹೊಸ ಕಮಾನು ಕಟ್ಟಿಸಲಿಲ್ಲ. ಸೈಪ್ರೆಸ್ ನೆಟ್ಟು, ಕಮಾನಿನ ಆಕಾರಕ್ಕೆ ಕತ್ತರಿಸಿಟ್ಟ. ಇಲ್ಲಿ ಕಮಾನಿತ್ತು ಎಂದು ಗಿಡ ಹೇಳುತ್ತದೆ, ನಾನೇ ಆ ಕಮಾನು ಎನ್ನುವುದಿಲ್ಲ. ಅವನಿಗಿಂತ ಮುಂಚೆ, 19ನೇ ಶತಮಾನದ ನಡುವಿನಲ್ಲಿ, ಸಿಂಹಗಳ ಅಂಗಳದ ಮಂಟಪದ ಮೇಲೆ ಬಣ್ಣದ ಹೆಂಚಿನ ಗುಮ್ಮಟ ಕೂರಿಸಿದ್ದರು. ಪೂರ್ವದೇಶದ್ದು ಎಂದ ಮೇಲೆ ಗುಮ್ಮಟ ಇರಲೇಬೇಕು ಎಂಬ ಊಹೆ. 1934ರಲ್ಲಿ ತೊರ್ರೆಸ್ ಬಲ್ಬಾಸ್ ಅದನ್ನು ಇಳಿಸಿ ಮೊದಲಿನಂಥ ಇಳಿಜಾರು ಮಾಡು ಹೊದಿಸಿದ. ಊರಿನಲ್ಲಿ ದೊಡ್ಡ ಜಗಳವೇ ಆಯಿತಂತೆ. ಜನಕ್ಕೆ ಗುಮ್ಮಟ ರೂಢಿಯಾಗಿಬಿಟ್ಟಿತ್ತು.

ನಮ್ಮಲ್ಲಿ ಜೀರ್ಣೋದ್ಧಾರ ಎಂಬ ದೊಡ್ಡ ಮಾತಿದೆ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಎಂದು ಅರ್ಥ. ಆ ಹೆಸರಿನಲ್ಲಿ ಎಷ್ಟು ಹಳ್ಳಿಯ ಗುಡಿಗಳ ಸುಣ್ಣದ ಗಾರೆ ಕೆತ್ತಿ ಹೊಳೆಯುವ ಟೈಲ್ಸ್ ಹಾಕಿದ್ದನ್ನು ಕಂಡಿದ್ದೇನೆ! ಭಕ್ತಿಗೆ ಕೊರತೆಯಿಲ್ಲ, ದುಡ್ಡಿಗೂ ಇಲ್ಲ. ಹಳೆಯದರ ಜೊತೆ ಮಾತಾಡುವ ಕೈ ಮಾತ್ರ ಆ ಜಾಗದಲ್ಲಿ ಇರುವುದಿಲ್ಲ.

ಆ ಸಂಜೆ ಅಲ್ಬೈಸಿನ್ ಗುಡ್ಡದ ಓಣಿಯೊಂದರಲ್ಲಿ ಊಟಕ್ಕೆ ಕೂತೆವು. ನನ್ನ ಸಸ್ಯಾಹಾರಕ್ಕೆ ಒಗ್ಗುವುದೆಂದು ಅವಳು ಬದನೆಕಾಯಿ ತರಿಸಿದಳು. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಪ್ಪಗಿನ ಪಾಕ ಸುರಿದಿದ್ದರು. ನಾಲಿಗೆಗೆ ಇಟ್ಟೆ, ಜೋನಿ ಬೆಲ್ಲ! ಸ್ವಲ್ಪ ಕಹಿ ಮುಂದಾಗಿದೆ, ಅಷ್ಟೇ. ಕಬ್ಬಿನ ಜೇನು ಎಂದು ಅಲ್ಲಿಯ ಹೆಸರು. ಕಬ್ಬು ನಮ್ಮ ಕಡೆಯಿಂದ ಪಾರಸಿಗರ, ಅರಬರ ಕೈ ದಾಟಿ ಅಲ್ಲಿನ ಕಡಲತಡಿಗೆ ಹೋಯಿತು. ನಮ್ಮ ಶರ್ಕರಾ ಅರಬ್ಬಿಯಲ್ಲಿ ಸುಕ್ಕರ್ ಆಗಿ ಸ್ಪ್ಯಾನಿಷಿನಲ್ಲಿ ಅಸೂಕರ್ ಆಯಿತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಸುಣ್ಣದ ಗಾರೆ ಅರೆಯುತ್ತಿದ್ದ ನಮ್ಮ ಹಳೇ ಪದ್ಧತಿಯನ್ನು ಅವಳಿಗೆ ಹೇಳಿದೆ. ಗಾಣಕ್ಕೆ ಎತ್ತು ಕಟ್ಟಿ, ಕಲ್ಲಿನ ದೋಣಿಯಲ್ಲಿ ಚಕ್ರ ಉರುಳಿಸಿ ಸುಣ್ಣ ಮರಳು ಅರೆಯುವುದನ್ನು ಅವಳು ನೋಡಿಯೇ ಇಲ್ಲ. ನಾನೂ ನೋಡಿದ್ದು ಒಂದೇ ಸಲ, ಚಿಕ್ಕವಳಿದ್ದಾಗ.

ಎರಡು ದಿನ ಬಿಟ್ಟು ಬಯಲಿನ ಹಳ್ಳಿಯೊಂದಕ್ಕೆ ಹೋದೆವು. ಅಲ್ಲಿ ಹಳೆಯ ಊರಗೋಡೆಯ ತುಂಡೊಂದನ್ನು ದುರಸ್ತಿ ಮಾಡುತ್ತಿದ್ದರು, ಅವಳಿಗೆ ಪರಿಚಯದವರಿದ್ದರು. ಮೇಸ್ತ್ರಿಗೆ ಎಪ್ಪತ್ತರ ಹತ್ತಿರ. ಬೆರಳುಗಳು ಸುಣ್ಣ ತಿಂದು ಬಿರಿದಿದ್ದವು. ನನ್ನ ಪ್ರಶ್ನೆಯನ್ನು ಅವಳು ಸ್ಪ್ಯಾನಿಷಿಗೆ ತಿರುಗಿಸುವುದರೊಳಗೆ ಅವನು ಕೈಯಲ್ಲೇ ಉತ್ತರ ಕೊಟ್ಟುಬಿಡುತ್ತಿದ್ದ. ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಹಿಸುಕಿದ. ಉಂಡೆ ನಿಂತಿತು. ಎದೆಮಟ್ಟದಿಂದ ನೆಲಕ್ಕೆ ಬಿಟ್ಟ. ನಾಲ್ಕಾರು ಹೋಳಾಯಿತು. ಪೂರ್ತಿ ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಹೆಚ್ಚು. ಇದಕ್ಕೆ ನಾವು ಹದ ಅನ್ನುತ್ತೇವೆ ಎಂದೆ. ಅವರಲ್ಲಿ ಪುಂತೋ. ಅನ್ನದ ಹದಕ್ಕೂ ಮಣ್ಣಿನ ಹದಕ್ಕೂ ಅವರಿಗೂ ಒಂದೇ ಮಾತು.

ನಮ್ಮ ಗೋಡೆಗೂ ಅವರದಕ್ಕೂ ಅಲ್ಲೇ ಹಾದಿ ಬೇರೆ. ನಮ್ಮ ಮಣ್ಣು ನೀರು ಕುಡಿದು ಮೆತ್ತಗಾದದ್ದು. ಒಣಗುತ್ತ ಕುಗ್ಗುತ್ತದೆ, ಒಂದು ವರಸೆಗೆ ಎಷ್ಟೋ ದಿನ ಕಾಯಬೇಕು. ಅವರ ಮಣ್ಣು ಬರೀ ತೇವ. ನೀರಿನ ಕೆಲಸವನ್ನು ಪೆಟ್ಟು ಮಾಡುತ್ತದೆ, ಆದ್ದರಿಂದ ಪೆಟ್ಟಿಗೆಯನ್ನು ಆಗಲೇ ಬಿಚ್ಚಿ ಮುಂದಕ್ಕೆ ಸರಿಸಬಹುದು. ಹತ್ತಾಳೆತ್ತರದ ಗೋಪುರ ಹೀಗೆ ಏರುತ್ತದೆ.

ಇನ್ನು ಸುಣ್ಣ. ಇದನ್ನು ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಗೋಡೆ ಕಟ್ಟಿ ಒಣಗಿಸಿ ಆಮೇಲೆ ಅದರ ಮೇಲೆ ಸುಣ್ಣದ ಗಾರೆ ಬಳಿಯುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಮೊದಲು ಹಲಗೆಯ ಒಳಮೈಗೆ ಒತ್ತಿ ಸುಣ್ಣದ ಗಾರೆ ಎಸೆಯುತ್ತಾರೆ, ಬುಡದಲ್ಲಿ ದಪ್ಪ, ಮೇಲೆ ತೆಳು. ಅದರ ಬೆನ್ನಿಗೇ ಗೇಣಿಗಿಂತ ಕಡಿಮೆ ಎತ್ತರಕ್ಕೆ ಮಣ್ಣು ಹರವಿ ದಮ್ಮಸು. ಮತ್ತೆ ಗಾರೆ, ಮತ್ತೆ ಮಣ್ಣು. ದಮ್ಮಸಿನ ಏಟಿಗೆ ಸುಣ್ಣ ಮಣ್ಣಿನೊಳಕ್ಕೆ ಹೋಗುತ್ತದೆ, ಮಣ್ಣು ಸುಣ್ಣದೊಳಕ್ಕೆ. ಒಡೆದ ಜಾಗದಲ್ಲಿ ನೋಡಿದರೆ ಬಿಳಿ ಗರಗಸದ ಹಲ್ಲು ಕೆಂಪಿನೊಳಗೆ ಕಚ್ಚಿ ಕೂತಿರುತ್ತದೆ. ಕಾಲಿಕೋಸ್ತ್ರಾದಾ ಎಂದು ಅದರ ಹೆಸರು, ಸುಣ್ಣದ ಹೊಪ್ಪಳೆಯ ಗೋಡೆ. ಆ ತೊಗಲು ಮೈಯ ಜೊತೆಗೇ ಹುಟ್ಟಿದ್ದು. ನಾವು ಅಜ್ಜನ ಗೋಡೆಗೆ ಬಳಿಸಿದ್ದು ಹುಟ್ಟಿದ ಅರುವತ್ತು ವರ್ಷಕ್ಕೆ ತೊಡಿಸಿದ, ಗಾಳಿಯಾಡದ ಅಂಗಿ.

ಆ ಊರಗೋಡೆಯಲ್ಲಿಯೂ ಅಂಥ ಅಂಗಿಯ ತೇಪೆಯಿತ್ತು. ಹಿಂದೆ ಯಾರೋ ಸವೆದ ಜಾಗಕ್ಕೆ ಸಿಮೆಂಟು ಮೆತ್ತಿದ್ದರು. ಮೇಸ್ತ್ರಿ ನನ್ನ ಕೈ ಹಿಡಿದು ಗೆಣ್ಣಿನಿಂದ ತಟ್ಟಿಸಿದ. ಮಣ್ಣಿನ ಮೇಲೆ ತಟ್ಟಿದಾಗ ದನಿಯಿಲ್ಲ. ತೇಪೆಯ ಮೇಲೆ ತಟ್ಟಿದಾಗ ಟೊಳ್ಳು. ತೇಪೆ ಒಂದು ಚೂರೂ ಮುಕ್ಕಾಗಿರಲಿಲ್ಲ. ಅದರ ಸುತ್ತಲಿನ, ಅದರ ಹಿಂದಿನ ಮಣ್ಣು ಕರಗಿಹೋಗಿತ್ತು. ನೆಲದಿಂದ ಏರಿದ ತೇವ ಸಿಮೆಂಟಿನ ಮೂಲಕ ಹೊರಬರಲಾರದೆ ಪಕ್ಕಕ್ಕೆ ದಾರಿ ಹುಡುಕುತ್ತದೆ, ತನ್ನ ಜೊತೆ ತಂದ ಉಪ್ಪನ್ನು ಅಲ್ಲಿ ಬಿಡುತ್ತದೆ, ಉಪ್ಪು ಹರಳುಗಟ್ಟುತ್ತ ಮಣ್ಣನ್ನು ಒಡೆಯುತ್ತದೆ. ನಮ್ಮೂರ ಅಜ್ಜ ಬೆವರು ಎಂದದ್ದು ಇದನ್ನೇ. ಅವನ ಮಾತನ್ನು ಹೇಳಿದೆ. ಅಣ್ಣನ ಮಗಳು ತಿರುಗಿಸಿ ಹೇಳಿದ ಮೇಲೆ ಮೇಸ್ತ್ರಿ ತಲೆಯಾಡಿಸಿ, ಅವನ ವಯಸ್ಸೆಷ್ಟು ಎಂದು ಕೇಳಿದ.

ದುರಸ್ತಿ ಎಂದರೆ ಎಲ್ಲ ತುಂಬಿಬಿಡುವುದಲ್ಲ ಎಂಬುದನ್ನು ಅವನ ಕೆಲಸ ನೋಡಿ ತಿಳಿದೆ. ಗೇಣಿಗಿಂತ ಆಳವಾಗಿ ಮಣ್ಣು ಹೋದ ಕಡೆ ಮಾತ್ರ ಹಳೇ ಮೈಯನ್ನು ಗುಡಿಸಿ, ತೇವ ಮಾಡಿ, ಒಂದೇ ಬದಿಗೆ ಹಲಗೆ ಕಟ್ಟುತ್ತಾನೆ. ಇನ್ನೊಂದು ಬದಿಗೆ ಹಳೇ ಗೋಡೆಯೇ ಹಲಗೆ. ನಾಲ್ಕು ಬೆರಳು ಸವೆದ ಕಡೆ ದಮ್ಮಸು ಇಳಿಯಲು ಜಾಗವಿಲ್ಲ, ತೆಳ್ಳಗೆ ಮೆತ್ತಿದರೆ ನಿಲ್ಲುವುದಿಲ್ಲ. ಅಲ್ಲಿ ಏನೂ ಮಾಡುವುದಿಲ್ಲ. ತಲೆಯ ಮೇಲೆ ನೀರು ನಿಲ್ಲದಂತೆ, ಬುಡಕ್ಕೆ ನೀರು ಹರಿಯದಂತೆ ನೋಡಿಕೊಂಡರೆ ಸಾಕು. ಹೊಸ ಮಣ್ಣಿನ ತುಂಡು ಹಳೆಯದಕ್ಕಿಂತ ಒಂದು ಬಣ್ಣ ತಿಳಿಯಾಗಿ ಕಾಣುತ್ತಿತ್ತು. ಮುಚ್ಚುವ ಪ್ರಯತ್ನ ಯಾರೂ ಮಾಡಿರಲಿಲ್ಲ.

ಮಧ್ಯಾಹ್ನ ಮೋಡ ಕವಿಯಿತು. ಮಳೆ ಬಂದರೆ ಮೀಗಸ್ ಮಾಡಬೇಕು ಎಂಬುದು ಆ ಕಡೆಯ ರೂಢಿಯಂತೆ. ನಮ್ಮಲ್ಲಿ ಮಳೆಗೆ ಹಲಸಿನ ಹಪ್ಪಳ ಸುಡುವ ಹಾಗೆ. ದೊಡ್ಡ ಬಾಣಲೆಯಲ್ಲಿ ಎಣ್ಣೆ, ಬೆಳ್ಳುಳ್ಳಿ, ರವೆ, ನೀರು. ಕೈಬಿಡದೆ ಕೆದಕುತ್ತ ಉದುರುದುರಾಗುವವರೆಗೆ ಹುರಿಯುವುದು. ಮೀನು ಬದಿಗಿಟ್ಟು ನನಗೆ ಮೂಲಂಗಿ, ಕರಿದ ಮೆಣಸಿನಕಾಯಿ, ಕಿತ್ತಳೆ ತೊಳೆ ಕೊಟ್ಟರು. ಒಗ್ಗರಣೆಯಿಲ್ಲದ ಉಪ್ಪಿಟ್ಟು ಅದು. ಗೋಡೆಯ ಮರೆಯಲ್ಲಿ ಎಲ್ಲರೂ ಒಂದೇ ಬಾಣಲೆಯ ಸುತ್ತ ಕೂತು ತಿಂದೆವು. ಮಳೆ ನಾಲ್ಕು ಹನಿ ಹಾಕಿ ಹೋಯಿತು. ಹೊಸ ಮಣ್ಣಿನ ಮೇಲೆ ಟಾರ್ಪಾಲು ಎಳೆಯಲು ಮಾತ್ರ ಎಲ್ಲರೂ ಎಲೆ ಬಿಟ್ಟೆದ್ದ ಹಾಗೆ ಓಡಿದರು.

ಊಟದ ಮೇಲೆ ನನ್ನ ಕೈಗೂ ದಮ್ಮಸಿನ ಗುದ್ದುಕೋಲು ಕೊಟ್ಟರು. ಪಿಸೋನ್ ಎನ್ನುತ್ತಾರೆ; ಉದ್ದ ಹಿಡಿ, ಬುಡಕ್ಕೆ ಮರದ ಕೊರಡು. ಅಣ್ಣನ ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಮೊದಮೊದಲು ಒದ್ದೆ ಅಕ್ಕಿಮೂಟೆಗೆ ಗುದ್ದಿದ ಹಾಗೆ ಮಂದ ಸದ್ದು. ಹೊಡೆಯುತ್ತ ಹೊಡೆಯುತ್ತ ದನಿ ಬಿಗಿಯುತ್ತದೆ, ಕೋಲು ತಾನಾಗಿ ಪುಟಿಯತೊಡಗುತ್ತದೆ. ಆಯಿತು ಎಂದು ಕೈ ಬಿಡುವುದು ಆ ದನಿ ಕೇಳಿಯೇ, ಅಳತೆ ಮತ್ತೊಂದಿಲ್ಲ. ಅರ್ಧ ಗಂಟೆಗೆ ನನ್ನ ಅಂಗೈಗೆ ಬೊಬ್ಬೆ ಬಂತು.

ಅಲ್ಪುಹಾರಾದ ಬೆಟ್ಟದ ಹಳ್ಳಿಗಳಲ್ಲಿ ಒಂದು ದಿನ ಕಳೆದೆವು. ಅಲ್ಲಿ ಗೋಡೆ ಕಲ್ಲಿನದು. ಚಪ್ಪಟೆ ಮಾಳಿಗೆಗೆ ಲೌನಾ ಎಂಬ ಬೂದಿಬಣ್ಣದ ಜೇಡಿಯನ್ನು ಹರವುತ್ತಾರೆ, ಮಳೆ ಬಿದ್ದರೆ ಅದು ತಾನೇ ಹೆಪ್ಪುಗಟ್ಟಿ ನೀರು ತಡೆಯುತ್ತದೆ. ಕೊಪ್ಪಳ, ರಾಯಚೂರಿನ ಕಡೆ ಮೇಲ್ಮುದ್ದೆಗೆ ಕರಲು ಮಣ್ಣು ಹಾಕುವವರು ನೋಡಿದರೆ ತಕ್ಷಣ ಗುರುತು ಹಿಡಿದಾರು.

ಕೊನೆಗೆ ಸೆವಿಯ್ಯಾ ಸೀಮೆಯ ಮೊರೋನ್. ಸುಣ್ಣದ ಊರು. ಅಲ್ಲಿಯ ಸುಣ್ಣದ ಭಟ್ಟಿಯ ಕೆಲಸ ನಿಂತೇಹೋಗುವ ಹೊತ್ತಿಗೆ ಕೆಲವರು ಸೇರಿ ಮತ್ತೆ ಎಬ್ಬಿಸಿದರು. 2011ರಲ್ಲಿ ಯುನೆಸ್ಕೊ ಆ ಪ್ರಯತ್ನವನ್ನು ಮಾದರಿಯೆಂದು ಗುರುತಿಸಿತು. ಸುಣ್ಣದಕಲ್ಲನ್ನೇ ಗುಮ್ಮಟದ ಹಾಗೆ ಪೇರಿಸಿದ ಭಟ್ಟಿಯ ಬಾಯಲ್ಲಿ ಬಗ್ಗಿ ನೋಡಿದೆ. 900 ಡಿಗ್ರಿಯ ಸುಮಾರಿಗೆ ಕಾದ ಕಲ್ಲು ತನ್ನೊಳಗಿನ ಅನಿಲವನ್ನು ಬಿಟ್ಟುಕೊಡುತ್ತದೆ. ನೂರು ಕಿಲೋ ಕಲ್ಲಿಗೆ ಐವತ್ತಾರು ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹೊಯ್ದರೆ ಕುದ್ದು ಅರಳಿ ಬೆಣ್ಣೆಯಾಗುತ್ತದೆ. ಗೋಡೆಗೆ ಹೋದ ಮೇಲೆ ಬಿಟ್ಟ ಅನಿಲವನ್ನೇ ಗಾಳಿಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡು ಮತ್ತೆ ಕಲ್ಲಾಗುತ್ತದೆ. ಅಮ್ಮನ ಕವಳದ ಸಂಚಿಯಲ್ಲಿದ್ದ ಸುಣ್ಣದ ಡಬ್ಬಿ ನೆನಪಾಯಿತು. ಅದು ಒಣಗದ ಹಾಗೆ ದಿನಾ ನಾಲ್ಕು ಹನಿ ನೀರು ಬಿಡುತ್ತಿದ್ದಳು. ಹಳತಾದಷ್ಟೂ ಸುಣ್ಣ ನಾಲಿಗೆ ಸುಡುವುದಿಲ್ಲ ಎನ್ನುತ್ತಿದ್ದಳು. ಹಳ್ಳಿಯ ಮೇಸ್ತ್ರಿಯೂ ತನ್ನ ಗುಂಡಿಯ ಸುಣ್ಣದ ಬಗ್ಗೆ ಹೆಚ್ಚುಕಡಿಮೆ ಹೀಗೆಯೇ ಹೇಳಿದ್ದ.

ಊರಿಗೆ ಬಂದೆ. ಮಳೆಗಾಲ ಹಿಡಿದುಬಿಟ್ಟಿತ್ತು. ಮೊನ್ನೆ ಹೊಳವಾದಾಗ ಗೋಡೆ ಕೆಲಸದ ಅಜ್ಜ ಬಂದು ಜಗಲಿಯ ಮೇಲೆ ಕೂತ. ಬರುವ ಬೇಸಗೆಗೆ ಪಡುವಣ ಗೋಡೆಯ ಸಿಮೆಂಟು ಕೆತ್ತಿಸಬೇಕೆಂದು ಅಣ್ಣನೂ ನಾನೂ ಮಾತಾಡಿಕೊಂಡಿದ್ದೆವು. "ಕೆತ್ತಬೇಡಿ, ಮೇಲಿಂದ ಬಿಡಿಸ್ಕಂಡು ಬನ್ನಿ. ಬಡಿದ್ರೆ ಒಳಗಿಂದೂ ಬರ್ತದೆ," ಎಂದ. ತೊಗಲು ತೆಗೆದ ಮೇಲೆ ಏನು ಹಚ್ಚುವುದು, ಮಣ್ಣೋ ಸುಣ್ಣವೋ, ಅದನ್ನು ಗೋಡೆ ಒಂದು ಬೇಸಗೆ ಒಣಗಿದ ಮೇಲೆ ಹೇಳುತ್ತೇನೆ ಎಂದ. ಸೋಗೆ ತಟ್ಟಿಯಂತೂ ಕಟ್ಟಲೇಬೇಕು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ಮೊಮ್ಮಗ ರಜಕ್ಕೆ ಬಂದರೆ ಜೊತೆಗೆ ಕರೆದುಕೊಂಡು ಬರುತ್ತೇನೆ ಎಂದ.

ಅವನಿಗೆ ಕಣ್ಣಿಗೆ ಪೊರೆ ಬಂದಿದೆ. ಅಲ್ಲಿಯ ಕೆಲಸದ ಬಗ್ಗೆ ನಾನು ಹೇಳಿದ್ದನ್ನೆಲ್ಲ ಕೇಳಿದ. ಮಣ್ಣನ್ನು ನೆನೆಸದೆ ಗೋಡೆ ಕಟ್ಟುವುದು ಅವನಿಗೆ ನಂಬಿಕೆಯಾಗಲಿಲ್ಲ. ವಿಡಿಯೋ ಇದೆ, ಕಾಣುವುದಿಲ್ಲವಲ್ಲ ಎಂದೆ. "ಹಾಕು, ಕೇಳ್ತೆ," ಎಂದ. ಮೊಬೈಲನ್ನು ಕಿವಿಗೆ ಹತ್ತಿರ ಹಿಡಿದೆ. ಮಳೆಗಾಲ ಮುಗಿದ ಮೇಲೆ ಅಡಿಕೆ ಕೊಯ್ಲಿಗೆ ಮುಂಚೆ ಅಂಗಳ ಬಡಿದು ಬಡಿದು ಪಳಗಿದ ಕಿವಿ ಅದು. ಕಣ್ಣು ಮುಚ್ಚಿ, ಜಗಲಿಯ ಅಂಚಿಗೆ ಬೆರಳಾಡಿಸುತ್ತ ಕೇಳಿದ. ಮಂದ ಸದ್ದು ಬಿಗಿಯಾಗುತ್ತ ಬಂದ ಹಾಗೆ ಬೆರಳೂ ಬಿಗಿಯಾಯಿತು. ತಟ್ಟನೆ ಕೈ ಎತ್ತಿದ.

"ಇಲ್ಲಿ ಹೊಡ್ದವರು ಯಾರು? ಮೂಲೆಗೆ ಬೀಳಲಿಲ್ಲ. ಇನ್ನೊಂದು ಸುತ್ತು ಬೇಕು."

ವಿಡಿಯೋ ಓಡುತ್ತಲೇ ಇತ್ತು. ಅಲ್ಲಿ ಮೇಸ್ತ್ರಿ ನನ್ನ ಕೈಯಿಂದ ಪಿಸೋನ್ ತೆಗೆದುಕೊಂಡು ಮೂಲೆಯ ಕಡೆಗೆ ನಡೆಯುತ್ತಿದ್ದ.